ಕಣ್ಣೊಳಗಿನ ಸಾಸಿವೆ

"ಅತ್ತೆ, ಈ ಸೂಜೀನ ನಾನು ನಿಲ್ಲಿಸ್ತೀನಿ. ನೋಡ್ತಾ ಇರಿ" ಎಂದು ಕುಮುದಾ ಮಾತು ಕೊಟ್ಟಾಗ ಅವಳ ಮದುವೆಯಾಗಿ ಇನ್ನೂ ಮೂರು ತಿಂಗಳು ತುಂಬಿರಲಿಲ್ಲ.

ಮಾತು ಕೊಟ್ಟದ್ದು ಮೈಸೂರಿನ ಒಂದು ಕಣ್ಣಾಸ್ಪತ್ರೆಯ ಕಾರಿಡಾರಿನಲ್ಲಿ. ಅಲ್ಲಿ ಗೋಡೆಗೆ ಒತ್ತಿಟ್ಟ ಬೆಂಚುಗಳ ಮೇಲೆ ವಯಸ್ಸಾದವರು ಸಾಲಾಗಿ ಕೂತಿದ್ದರು. ಎಲ್ಲರ ತಲೆಗೂ ಹಸಿರು ಟೋಪಿ. ಯಾವ ಕಣ್ಣಿಗೆ ಎಂಬುದು ಮರೆತುಹೋಗದಿರಲೆಂದು ಎಲ್ಲರ ಹುಬ್ಬಿನ ಮೇಲೂ ಒಂದೊಂದು ಚೂರು ಅಂಟುಪಟ್ಟಿ. ಕುಮುದಾಳ ಅತ್ತೆ ವನಜಾಕ್ಷಮ್ಮ ಆ ಸಾಲಿನ ಕೊನೆಯಲ್ಲಿ, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ಕೂತಿದ್ದರು.

"ಹೆಸರು ನೋಡು ಹೇಗಿದೆ, ವನಜಾಕ್ಷಿ! ನಮ್ಮಪ್ಪ ಈಗ ಇದ್ದಿದ್ರೆ ವಾಪಸ್ ತಗೋತಿದ್ರು" ಎಂದು ಅವರೇ ನಕ್ಕರು. ಆದರೆ ಒಳಗಿನಿಂದ ಯಾರ ಹೆಸರು ಕೂಗಿದರೂ ಚೀಲವನ್ನು ಇನ್ನಷ್ಟು ಹತ್ತಿರ ಎಳೆದುಕೊಳ್ಳುತ್ತಿದ್ದರು.

ಅವರ ಎಡಗಣ್ಣಿನ ಕಥೆ ಆಗಲೇ ಮುಗಿದಿತ್ತು. ಕಣ್ಣಿನ ಹಿಂಬದಿಯ ಪರದೆಗೆ ರೆಟಿನಾ ಎನ್ನುತ್ತಾರೆ. ಆ ಪರದೆಯ ಕೆಳಗೆ ಇರಬಾರದ ಜಾಗದಲ್ಲಿ ರಕ್ತನಾಳಗಳು ಹುಟ್ಟಿಕೊಂಡು, ಹಳೆಯ ನಲ್ಲಿಯಂತೆ ಸೋರಿ, ಪರದೆಯ ನಟ್ಟನಡುವನ್ನೇ ನೆನೆಸಿ ಉಬ್ಬಿಸಿಬಿಟ್ಟಿದ್ದವು. ಎದುರಿಗೆ ಕೂತವರ ಕಿವಿ ಕಾಣುತ್ತಿತ್ತು, ಕಿವಿಯ ಓಲೆ ಕಾಣುತ್ತಿತ್ತು, ಮುಖವಿರಬೇಕಾದ ಕಡೆ ಬೂದಿ ಬಣ್ಣದ ಮಚ್ಚೆ. ಈಗ ಬಲಗಣ್ಣಿಗೂ ಅದೇ ಶುರುವಾಗಿತ್ತು. ಸೋರುವುದನ್ನು ನಿಲ್ಲಿಸುವ ಔಷಧಿಯೇನೋ ಇತ್ತು. ಆದರೆ ಅದನ್ನು ಕಣ್ಣಿನ ಒಳಕ್ಕೇ ಚುಚ್ಚಬೇಕಿತ್ತು. ಒಂದೆರಡು ತಿಂಗಳಲ್ಲಿ ಔಷಧಿಯ ಬಲ ತೀರಿದರೆ ಮತ್ತೆ ಚುಚ್ಚಬೇಕು. ಹೀಗೇ, ಬದುಕಿರುವಷ್ಟು ಕಾಲ.

"ನೋವಾಗತ್ತಾ ಅತ್ತೆ?"

"ನೋವು ಅಂಥಾದ್ದೇನಿಲ್ಲ ಕಣೇ, ಡ್ರಾಪ್ಸ್ ಹಾಕಿ ಮರಗಟ್ಟಿಸಿರ್ತಾರೆ. ಆದ್ರೆ ರೆಪ್ಪೆಗೆ ಕ್ಲಿಪ್ ಹಾಕಿಬಿಡ್ತಾರಲ್ಲ, ಮುಚ್ಚೋ ಹಾಗಿಲ್ಲ. ಅದು ಬರೋದನ್ನ ನೋಡ್ತಾನೇ ಇರ್ಬೇಕು. ನಾಯಿ ಅಟ್ಟಿಸಿಕೊಂಡು ಬಂದ್ರೆ ಓಡಬಹುದು. ಇಲ್ಲಿ ಮಲಗಿರ್ಬೇಕು."

ಅದಕ್ಕೇ ಕುಮುದಾ ಮಾತು ಕೊಟ್ಟುಬಿಟ್ಟಳು. ಅವಳಾಗ ಬೆಳಕು ತಾಗಿದರೆ ಗುಣ ಬದಲಿಸುವ ಜೆಲ್ಲುಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಆ ವಯಸ್ಸಿನಲ್ಲಿ ಜಗತ್ತಿನ ಕಷ್ಟಗಳೆಲ್ಲ ತನ್ನ ಜೆಲ್ಲಿಗಾಗಿಯೇ ಕಾದು ಕೂತಿವೆ ಎಂದೂ ಅನ್ನಿಸುತ್ತಿತ್ತು.

ವನಜಾಕ್ಷಮ್ಮ ಕತ್ತು ವಾರೆ ಮಾಡಿ, ಕಣ್ಣಂಚಿನಿಂದ ಸೊಸೆಯನ್ನು ನೋಡಿದರು. "ಇಂಥ ದೊಡ್ಡ ಮಾತೆಲ್ಲ ಕೊಡಬೇಡ. ಚಪಾತಿ ದುಂಡಗೆ ಮಾಡ್ತೀನಿ ಅಂತ ಬೇಕಾದ್ರೆ ಕೊಡು, ಅದನ್ನ ನಂಬ್ತೀನಿ."

ಒಳಗಿನಿಂದ ಹೆಸರು ಕರೆದರು. ಅತ್ತೆ ಎದ್ದು, ಗೋಡೆ ತಡವುತ್ತಾ ನಡೆದರು.

* * *

ಕುಮುದಾಳ ಜೆಲ್ಲು ಪ್ರಯೋಗಾಲಯದಿಂದ ಮನುಷ್ಯರ ಕಣ್ಣಿನವರೆಗೆ ಬರುವಷ್ಟರಲ್ಲಿ ಅವಳ ಮಗಳು ಇಂಚರ ಹುಟ್ಟಿ, ಮೂರನೇ ಕ್ಲಾಸಿಗೆ ಬಂದಿದ್ದಳು. ಅತ್ತೆ ಅಷ್ಟು ಕಾಲವೂ ಸೂಜಿ ಚುಚ್ಚಿಸಿಕೊಳ್ಳುತ್ತಲೇ ಇದ್ದರು. ಪ್ರತಿ ಸಲವೂ ಕುಮುದಾಳ ಗಂಡ ಶ್ರೀಕಂಠನೋ ಅವಳೋ ರಜೆ ಹಾಕಬೇಕು, ಆಟೋ ಹಿಡಿಯಬೇಕು, ಅರ್ಧ ದಿನ ಬೆಂಚಿನ ಮೇಲೆ ಕಾಯಬೇಕು. ಹಿಂದಿನ ದಿನದಿಂದಲೇ ಅತ್ತೆಗೆ ಊಟ ಸೇರುತ್ತಿರಲಿಲ್ಲ. ಮಾರನೆಯ ದಿನ ಕಣ್ಣು ಕೆಂಪಗೆ ಉರಿಯುತ್ತಾ, ಯಾರ ಜೊತೆಯೂ ಮಾತಿಲ್ಲ. ಮೂರನೆಯ ದಿನ ಅತ್ತೆ ಮತ್ತೆ ಅತ್ತೆಯಾಗುತ್ತಿದ್ದರು.

ಕೊನೆಗೆ ಸಿದ್ಧವಾದದ್ದು ಇಷ್ಟು. ಸಾಸಿವೆಗಿಂತ ಸಣ್ಣ ಒಂದು ಕಾಳು. ಅದನ್ನು ಒಮ್ಮೆ, ಕಟ್ಟಕಡೆಯ ಸೂಜಿಯಿಂದ, ಕಣ್ಣೊಳಗೆ ಇಳಿಸಬೇಕು. ಕಾಳಿನ ತುಂಬ ಬಲೆಯಂಥ ಹೆಣಿಗೆ, ಹೆಣಿಗೆಯ ಒಳಗೆ ವರ್ಷಗಟ್ಟಲೆಗೆ ಸಾಕಾಗುವ ಔಷಧಿ. ಒಂದು ನಿರ್ದಿಷ್ಟ ನೀಲಿಹಸಿರು ಬೆಳಕು ಬಿದ್ದರೆ ಹೆಣಿಗೆಯ ಗಂಟುಗಳು ಸಡಿಲವಾಗಿ ಒಂದಿಷ್ಟು ಔಷಧಿ ಹೊರಬರುತ್ತದೆ. ಬೆಳಕು ಹೋದರೆ ಗಂಟುಗಳು ಮತ್ತೆ ಬಿಗಿಯುತ್ತವೆ. ದಿನಕ್ಕೊಮ್ಮೆ, ಸಂಜೆ ಹೊತ್ತು, ಕೆಲವು ನಿಮಿಷ ಒಂದು ದೀಪದ ಮುಂದೆ ಕೂತರೆ ಮುಗಿಯಿತು. ಆಸ್ಪತ್ರೆಯಿಲ್ಲ, ಕ್ಲಿಪ್ಪಿಲ್ಲ, ಬೆಂಚಿಲ್ಲ.

ಕಾಳು ಅಶ್ಫಾಕನ ಕೆಲಸ. ಅವನು ಕುಮುದಾಳ ಜೊತೆಯೇ ಸೇರಿದ ರಸಾಯನಶಾಸ್ತ್ರಜ್ಞ, ತನ್ನ ಕಾಳಿನ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ಮಧ್ಯಾಹ್ನದ ಊಟ ಬಿಡುವಂಥವನು. ದೀಪ ಕುಮುದಾಳದು. ಅವಳು ಮೊದಲು ಮಾಡಿದ ದೀಪ ಹಲ್ಲಿನ ಡಾಕ್ಟರ ಕುರ್ಚಿಯ ಮೇಲೆ ತೂಗುವ ಲೈಟಿನಂತಿತ್ತು. ಬಿಳಿ ಪ್ಲಾಸ್ಟಿಕ್ಕು, ಬಾಗುವ ಕತ್ತು. ಅದನ್ನು ಕಂಡ ಹಿರಿಯರೊಬ್ಬರು, "ಇದೇನಮ್ಮ, ಆಸ್ಪತ್ರೇನ ಮನೆಗೇ ತಂದು ಕೂರಿಸ್ತೀರಾ?" ಎಂದರು. ಆ ಮಾತು ಕುಮುದಾಳಿಗೆ ನಾಟಿತು. ಅವಳು ಎಲ್ಲವನ್ನೂ ಒಡೆದು ಹೊಸದಾಗಿ ಕಟ್ಟಿದಳು. ಹಿತ್ತಾಳೆ ಬಣ್ಣದ ಕಂಬ, ಮೇಲೆ ಉರಿಯುವ ಬತ್ತಿಯ ಆಕಾರದ ಗಾಜು. ನೀಲಿಹಸಿರು ಬೆಳಕು ಕಣ್ಣಿಗೆ ತಣ್ಣಗೆ ಚುಚ್ಚದಿರಲೆಂದು ಸುತ್ತಲೂ ಜೇನು ಬಣ್ಣದ ಹೊಳಪು. ಮುಸ್ಸಂಜೆಗೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಹೊತ್ತಿಕೊಂಡಾಗ ಒಮ್ಮೆ, ಮುಗಿದಾಗ ಒಮ್ಮೆ, ಸಣ್ಣಗೆ ಗಂಟೆಯ ದನಿ.

ಆಸ್ಪತ್ರೆಯ ಕಣ್ಣಿನ ತಜ್ಞೆ, ಪ್ರಯೋಗದ ಮುಖ್ಯಸ್ಥೆ ಡಾಕ್ಟರ್ ಫಿಲೋಮಿನಾ ಅದನ್ನು ನೋಡಿ, "ಚೆನ್ನಾಗಿದೆ ಕುಮುದಾ. ಯಾರೂ ಹೆದರಲ್ಲ" ಎಂದರು. ಕುಮುದಾ ಆ ಒಂದು ಮಾತನ್ನು ವಾರವಿಡೀ ಮೆಲುಕು ಹಾಕಿದಳು.

ಪ್ರಯೋಗಕ್ಕೆ ಸೇರಿದವರು ಇಪ್ಪತ್ತನಾಲ್ಕು ಜನ. ಅವರಲ್ಲಿ ವನಜಾಕ್ಷಮ್ಮನವರೂ ಒಬ್ಬರು. ಸಂಬಂಧಿಕರೆಂದು ಮೊದಲೇ ತಿಳಿಸಿದ್ದರಿಂದ, ತಪಾಸಣೆ ನಡೆಸುವವರ ಸಾಲಿನಲ್ಲಿ ಕುಮುದಾಳಿಗೆ ಜಾಗವಿರಲಿಲ್ಲ. ಪ್ರಯೋಗಾಲಯದ ಗೋಡೆಯ ಮೇಲಿನ ಪರದೆಯಲ್ಲಿ ಎಲ್ಲರದೂ ಬರೀ ಗೆರೆಗಳು, ಹೆಸರಿಲ್ಲ. ಯಾವ ಗೆರೆ ಅತ್ತೆಯದೆಂದು ಅವಳು ಕೇಳುವ ಹಾಗೂ ಇರಲಿಲ್ಲ.

* * *

ಎಂಟನೇ ತಿಂಗಳ ಹೊತ್ತಿಗೆ ಗೆರೆಗಳು ಏರತೊಡಗಿದವು. ಗೆರೆ ಏರಿತೆಂದರೆ ರೆಟಿನಾ ಉಬ್ಬುತ್ತಿದೆ, ನಾಳ ಮತ್ತೆ ಸೋರುತ್ತಿದೆ ಎಂದರ್ಥ. ಪರದೆಯ ಮೇಲ್ಗಡೆ ಅಡ್ಡಕ್ಕೆ ಒಂದು ಕೆಂಪು ಗೀಟು ಇತ್ತು. ಗೀಟು ಮುಟ್ಟಿದವರಿಗೆ ಅವತ್ತೇ ಹಳೆಯ ಇಂಜೆಕ್ಷನ್ ಕೊಟ್ಟು, ಅವತ್ತೇ ಪ್ರಯೋಗದಿಂದ ಹೊರಗೆ ಕಳಿಸಬೇಕೆಂಬುದು ನಿಯಮ. ಆಗಲೇ ಇಬ್ಬರು ಹಾಗೆ ಹೊರಗೆ ಹೋಗಿದ್ದರು.

"ಕಾಳಲ್ಲಿ ಏನೂ ತೊಂದ್ರೆ ಇಲ್ಲ" ಎಂದು ಅಶ್ಫಾಕ್ ಮೇಜು ಕುಟ್ಟಿದ. "ಇಲ್ಲಿಗೆ ಕರೆಸಿ ಕೂರಿಸಿದ್ರೆ ಎಲ್ಲರ ಕಣ್ಣಲ್ಲೂ ಔಷಧಿ ಬಿಡ್ತಾ ಇದೆ. ಲೆಕ್ಕ ಹಾಕಿದ ಹಾಗೇ ಬಿಡ್ತಾ ಇದೆ. ನಿನ್ನ ದೀಪ ನೋಡ್ಕೋ."

"ದೀಪಗಳನ್ನೆಲ್ಲ ವಾಪಸ್ ತರಿಸಿ ಪರೀಕ್ಷೆ ಮಾಡಿದ್ದೀನಿ ಮಾರಾಯ. ಬೆಳಕು ಸರಿಯಾಗಿದೆ. ದಿನಾ ಯಾರೋ ಮುಂದೆ ಕೂತಿದ್ದಾರೆ ಅಂತಲೂ ಅವು ಬರೆದುಕೊಂಡಿವೆ, ಒಂದು ದಿನಾನೂ ತಪ್ಪಿಲ್ಲ."

"ಕೂತೋರು ಯಾರು? ಬೆಕ್ಕಾ?"

"ಬೆಕ್ಕಿಗೆ ಅಷ್ಟು ಎತ್ತರ ಇರತ್ತಾ?"

ಫಿಲೋಮಿನಾ ಇಬ್ಬರ ಜಗಳವನ್ನೂ ಕೇಳುತ್ತಾ ಗೆರೆಗಳನ್ನೇ ದಿಟ್ಟಿಸುತ್ತಿದ್ದರು. "ದೀಪಕ್ಕೊಂದು ಕ್ಯಾಮೆರಾ ಇಟ್ಟಿದ್ರೆ ಇವತ್ತು ಗೊತ್ತಾಗ್ತಿತ್ತು. ಜನರ ಮನೆಯೊಳಗೆ ಕ್ಯಾಮೆರಾ ಬೇಡ ಅಂತ ನೀತಿ ಸಮಿತಿ ಹೇಳ್ತು, ನಾವೂ ಒಪ್ಪಿದ್ವಿ. ಅದು ಸರಿಯೂ ಹೌದು. ಈಗ ನೋಡಿ, ಮೂರೇ ಮೂರು ಗೆರೆ ಏರಿಲ್ಲ. ಉಳಿದದ್ದೆಲ್ಲ ಏರ್ತಾ ಇವೆ. ಇಲ್ಲಿ ಕೆಲಸ ಮಾಡೋದು ಮನೆಯಲ್ಲಿ ಯಾಕೆ ಮಾಡಲ್ಲ? ಈ ತಿಂಗಳೊಳಗೆ ಕಾರಣ ಸಿಗದಿದ್ರೆ ನಾನು ಎಲ್ಲರಿಗೂ ಮತ್ತೆ ಸೂಜಿ ಶುರು ಮಾಡಬೇಕಾಗತ್ತೆ. ಅವರ ಕಣ್ಣಿಟ್ಟು ನಾವು ಜೂಜಾಡೋ ಹಾಗಿಲ್ಲ."

ಕುಮುದಾ ಬೇರೆ ಯಾವುದನ್ನೂ ಯೋಚಿಸಲಾರದವಳಾದಳು. ಬೆಳಿಗ್ಗೆ ಇಂಚರಳ ಜಡೆ ಹಾಕುವಾಗ ಒಂದು ಕಡೆ ಮಾತ್ರ ರಿಬ್ಬನ್ ಕಟ್ಟಿ ಕಳಿಸಿದಳು. ಸಾರಿಗೆ ಎರಡು ಸಲ ಉಪ್ಪು ಹಾಕಿದಳು. "ಪರವಾಗಿಲ್ಲ ಬಿಡು, ಇವತ್ತು ಒಂದು ಲೋಟ ನೀರು ಜಾಸ್ತಿ ಕುಡಿದ ಹಾಗಾಯ್ತು" ಎಂದು ಅತ್ತೆ ಊಟ ಮುಗಿಸಿದರು. ಎಂಟು ತಿಂಗಳಿಂದ ಸೂಜಿಯಿಲ್ಲದ ಅತ್ತೆ ಹತ್ತು ವರ್ಷ ಚಿಕ್ಕವರಾದಂತಿದ್ದರು. ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಜೊತೆಗೆ ಕೆಲಸ ಮಾಡಿದ ಗೆಳತಿಯರಿಗೆಲ್ಲ ಫೋನು ಮಾಡಿ, "ನನ್ನ ಸೊಸೆ ಮಾಡಿದ ದೀಪ ಕಣ್ರೇ, ಅದರ ಮುಂದೆ ಕೂತ್ರೆ ಸಾಕು, ಡಾಕ್ಟರೂ ಬೇಡ, ಏನೂ ಬೇಡ" ಎಂದು ಹೇಳಿಕೊಳ್ಳುತ್ತಿದ್ದರು. ಆ ಮಾತು ಅಡುಗೆಮನೆಗೆ ಕೇಳಿಸಿದಾಗಲೆಲ್ಲ ಕುಮುದಾ ನಲ್ಲಿಯನ್ನು ಜೋರಾಗಿ ತಿರುಗಿಸುತ್ತಿದ್ದಳು.

ಅವಳು ತನ್ನ ದೀಪವನ್ನು ಎಷ್ಟೋ ಸಲ ಬಿಚ್ಚಿ ಕಟ್ಟಿದ್ದಳು. ಆದರೆ ತನ್ನ ಮನೆಯಲ್ಲಿ ಅದು ಹೊತ್ತಿಕೊಳ್ಳುವ ಹೊತ್ತಿನಲ್ಲಿ ಒಂದು ದಿನವೂ ಅವಳು ಮನೆಯಲ್ಲಿರಲಿಲ್ಲ. ಮುಸ್ಸಂಜೆಯೆಂದರೆ ಪ್ರಯೋಗಾಲಯದಲ್ಲಿ ಕೆಲಸ ಬಿಸಿಯೇರುವ ಸಮಯ.

* * *

ಅತ್ತೆಯ ತಪಾಸಣೆಯ ಹಿಂದಿನ ದಿನ ಇಂಚರಳಿಗೆ ಶಾಲೆಯಲ್ಲಿ ಜ್ವರ ಬಂತು. ಶ್ರೀಕಂಠ ಮಂಡ್ಯದಲ್ಲಿದ್ದ. ಕುಮುದಾ ಕೆಲಸ ಅರ್ಧಕ್ಕೆ ಬಿಟ್ಟು ಓಡಿ, ಮಗಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು, ಔಷಧಿ ಕೊಡಿಸಿ, ಸರಸ್ವತಿಪುರದ ಮನೆಗೆ ಬಂದಾಗ ಬೀದಿದೀಪಗಳು ಇನ್ನೂ ಹತ್ತಿರಲಿಲ್ಲ. ಮಗಳನ್ನು ಮಲಗಿಸಿ ಹೊದಿಸಿ, ಕೋಣೆಯಿಂದ ಹೊರಬರುತ್ತಿದ್ದಾಗ ಹಾಲಿನಿಂದ ಸಣ್ಣಗೆ ಗಂಟೆ ಕೇಳಿಸಿತು. ಅವಳೇ ಆಯ್ದು ಜೋಡಿಸಿದ ದನಿ.

ವನಜಾಕ್ಷಮ್ಮ ಮುಖ ತೊಳೆದು ಬಂದು ದೀಪದ ಮುಂದೆ ಕುರ್ಚಿ ಎಳೆದುಕೊಂಡರು. ಬೆನ್ನು ನೆಟ್ಟಗೆ ಮಾಡಿ ಕೂತರು. ದೀಪವನ್ನು ಒಮ್ಮೆ ಚೆನ್ನಾಗಿ ನೋಡಿದರು. ಆಮೇಲೆ ಎರಡೂ ಕೈ ಜೋಡಿಸಿ, ಕಣ್ಣು ಮುಚ್ಚಿದರು.

ಕುಮುದಾ ಬಾಗಿಲಲ್ಲೇ ನಿಂತುಬಿಟ್ಟಳು.

ಅತ್ತೆ ಕಣ್ಣು ತೆರೆಯಲಿಲ್ಲ. ತುಟಿಗಳು ಅಲ್ಲಾಡುತ್ತಿದ್ದವು. ಜೇನು ಬಣ್ಣದ ಬೆಳಕು ಅವರ ಮುಚ್ಚಿದ ರೆಪ್ಪೆಗಳ ಮೇಲೆ, ಕೆನ್ನೆಯ ಸುಕ್ಕುಗಳ ಮೇಲೆ ಹರಡಿಕೊಂಡು, ನೋಡುವುದಕ್ಕೆ ಬಹಳ ಚೆಂದವಾಗಿತ್ತು. ರೆಪ್ಪೆ ಕೆಂಪು ಬೆಳಕನ್ನು ಅಷ್ಟಿಷ್ಟು ಒಳಕ್ಕೆ ಬಿಡುತ್ತದೆ, ನೀಲಿಹಸಿರನ್ನು ಬಿಡುವುದೇ ಇಲ್ಲವೆನ್ನಬೇಕು. ಇದು ಕುಮುದಾಳಿಗೆ ಬಾಯಿಪಾಠವಾಗಿತ್ತು. ಮೊದಲು ನೋಡುವ ಆ ಒಂದು ಕ್ಷಣದಲ್ಲಿ ಒಳಗೆ ಹೋದಷ್ಟು ಬೆಳಕೇ ಇಷ್ಟು ತಿಂಗಳು ಹೇಗೋ ತಳ್ಳಿಕೊಂಡು ಬಂದಿತ್ತು. ಸಂಜೆ ಟ್ಯೂಬ್‌ಲೈಟಿನ ಸ್ವಿಚ್ಚು ಒತ್ತಿದರೂ ಒಂದು ಕ್ಷಣ ಕೈಮುಗಿದು ಕಣ್ಣು ಮುಚ್ಚುವ ಮನೆಗಳಲ್ಲೇ ಅವಳು ಬೆಳೆದವಳು. ಅಂಥ ಮನೆಗಳಿಗೆ ಅವಳು ಬತ್ತಿಯ ಆಕಾರದ ದೀಪ ಕೊಟ್ಟಿದ್ದಳು. ಸಾಲದ್ದಕ್ಕೆ ಗಂಟೆಯನ್ನೂ ಬಾರಿಸಿದ್ದಳು.

ಗಂಟೆ ಮತ್ತೊಮ್ಮೆ ಬಾರಿಸಿ ದೀಪ ಆರಿತು. ವನಜಾಕ್ಷಮ್ಮ ಕಣ್ಣು ಬಿಟ್ಟು, ಎರಡೂ ಅಂಗೈಗಳನ್ನು ಕಣ್ಣಿಗೊತ್ತಿಕೊಂಡರು.

"ಅತ್ತೆ..."

"ಯಾರು, ಕುಮುದಾನಾ? ಏನೇ ಇಷ್ಟು ಬೇಗ? ಮಗು ಹೇಗಿದೆ?"

"ಮಲಗಿದಾಳೆ. ಅತ್ತೆ, ದಿನಾ ಹೀಗೇ ಮಾಡ್ತೀರಾ?"

"ಹೇಗೆ?"

"ಕಣ್ಣು ಮುಚ್ಚಿಕೊಂಡು?"

"ಇನ್ನೇನು ಮತ್ತೆ, ದೀಪದ ಮುಂದೆ ಕಣ್ಣು ಕಿಸಿದುಕೊಂಡು ಕೂರಕ್ಕಾಗತ್ತಾ?"

"ದೀಪ ನೋಡಬೇಕು ಅಂತ ಹೇಳಿದ್ರಲ್ಲ ಅತ್ತೆ, ಆಸ್ಪತ್ರೇಲಿ?"

"ನೋಡ್ತೀನಲ್ಲ! ಮೊದಲು ಚೆನ್ನಾಗಿ ನೋಡ್ತೀನಿ, ಆಮೇಲೆ ಕಣ್ಮುಚ್ಚಿ ಕೇಳ್ಕೋತೀನಿ. ಆಸ್ಪತ್ರೇಲಾದ್ರೆ ಆ ಹುಡುಗಿ ಪಕ್ಕದಲ್ಲೇ ನಿಂತು, ಕಣ್ಣು ಬಿಡಿ ಅಜ್ಜಿ, ಕಣ್ಣು ಬಿಡಿ ಅಜ್ಜಿ ಅಂತ ಪ್ರಾಣ ತಿಂತಾಳೆ. ಅದು ಪರೀಕ್ಷೆಗೆ ಅಂದ್ಕೊಂಡಿದ್ದೆ."

"ಏನು ಕೇಳ್ಕೋತೀರಿ?"

ವನಜಾಕ್ಷಮ್ಮ ಸೆರಗಿನಿಂದ ದೀಪದ ಕಂಬ ಒರೆಸಿದರು. "ಅದೇ. ಈ ದೀಪ ಕೆಲಸ ಮಾಡ್ಲಿ ಅಂತ. ನೀನು ಅಷ್ಟು ಕಷ್ಟಪಟ್ಟು ಮಾಡಿದೀಯಲ್ಲ, ನಿನ್ನ ಕೈ ಗೆಲ್ಲಲಿ ಅಂತ."

ಕುಮುದಾಳಿಗೆ ನಗು ಬಂತು. ನಗು ಮುಗಿಯುವ ಮೊದಲೇ ಅವಳು ಅತ್ತೆಯ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, ಅವರ ಮಂಡಿಗೆ ಹಣೆ ಹಚ್ಚಿದಳು.

"ಯಾಕೇ? ಏನಾಯ್ತೇ? ತಪ್ಪು ಮಾಡ್ಬಿಟ್ನಾ?"

"ನೀವಲ್ಲ ಅತ್ತೆ. ನಾನು."

ಅವಳು ಬಿಡಿಸಿ ಹೇಳಿದಳು. ಅತ್ತೆ ಕೇಳಿಸಿಕೊಂಡು ಗಾಬರಿಯಾದರು. "ಎಂಟು ತಿಂಗಳು ಬರೀ ರೆಪ್ಪೆಗೆ ದೀಪ ತೋರಿಸಿದೀನಾ? ಹಾಕು, ಈಗಲೇ ಹಾಕು ಮತ್ತೆ!" ಎಂದರು. ಕುಮುದಾ ಕೈಯಿಂದ ಒತ್ತಿ ದೀಪ ಹೊತ್ತಿಸಿದಳು. ಗಂಟೆ ಬಾರಿಸಿತು. ವನಜಾಕ್ಷಮ್ಮ ಹಟ ಹಿಡಿದವರಂತೆ ಕಣ್ಣರಳಿಸಿ ಕೂತರು. ಸ್ವಲ್ಪದರಲ್ಲೇ ಕಣ್ಣಲ್ಲಿ ನೀರು ತುಂಬಿತು. ಕೈಗಳು ತಾವಾಗಿಯೇ ಮಡಿಲಿನಿಂದ ಎದ್ದು ಜೋಡಿಕೊಂಡವು. ರೆಪ್ಪೆ ಇಳಿಯಿತು.

"ಅತ್ತೆ, ಕಣ್ಣು."

"ಹ್ಞಾಂ, ಹ್ಞಾಂ." ಮತ್ತೆ ತೆರೆದರು, ಮತ್ತೆ ಮುಚ್ಚಿಕೊಂಡವು. "ಆಗ್ತಾ ಇಲ್ಲ ಕಣೇ. ಏನೋ ಜಗಳಕ್ಕೆ ನಿಂತ ಹಾಗನ್ನಿಸತ್ತೆ."

* * *

ಮಾರನೆಯ ದಿನ ಜ್ವರ ಇಳಿದಿದ್ದ ಇಂಚರಳನ್ನು, ರಾತ್ರಿ ಮಂಡ್ಯದಿಂದ ಬಂದಿದ್ದ ಅಪ್ಪನ ಬಳಿ ಬಿಟ್ಟು, ಕುಮುದಾ ಅತ್ತೆಯನ್ನು ತಪಾಸಣೆಗೆ ಕರೆತಂದಳು. ಕಾರಿಡಾರಿನಲ್ಲಿ ಕಾಯುತ್ತಲೇ ಫಿಲೋಮಿನಾಗೆ ಎಲ್ಲ ಹೇಳಿದಳು. ಅವರು ಅಲ್ಲೇ ಗೋಡೆಗೆ ಒರಗಿಕೊಂಡರು.

"ಕೈಮುಗಿದು ಕಣ್ಣು ಮುಚ್ಚಿದ್ರಾ? ಎಲ್ಲರೂನಾ?"

"ಬಹಳ ಜನ ಹಾಗೇ ಇರ್ಬೇಕು ಮೇಡಂ. ಬೆಳಿಗ್ಗೆಯಿಂದ ಅಶ್ಫಾಕ್ ಎಲ್ಲರಿಗೂ ಫೋನ್ ಮಾಡಿ ಕೇಳ್ತಾ ಇದ್ದಾನೆ."

"ನಾನು ಚರ್ಚಿನಲ್ಲಿ ಮೇಣದಬತ್ತಿ ಹಚ್ಚಿ ಮಾಡೋದೂ ಅದೇ. ನನಗೂ ಹೊಳೀಲಿಲ್ಲ ನೋಡು."

ಆದರೆ ಸ್ಕ್ಯಾನ್ ಮುಗಿಸಿ ಹೊರಬಂದಾಗ ಅವರ ಮುಖದಲ್ಲಿ ನಗುವಿರಲಿಲ್ಲ. ವನಜಾಕ್ಷಮ್ಮನವರ ಬಲಗಣ್ಣಿನ ಗೆರೆ ಕೆಂಪು ಗೀಟನ್ನು ದಾಟಿತ್ತು. ಬಹಳವೇನಲ್ಲ, ಸ್ವಲ್ಪವೇ. ಆದರೆ ದಾಟಿತ್ತು.

"ಇವತ್ತೇ ಇಂಜೆಕ್ಷನ್ ಆಗ್ಬೇಕಮ್ಮ" ಎಂದರು ಫಿಲೋಮಿನಾ.

"ಹಾಕಿಸ್ಕೊಂಡ್ರೆ ಪ್ರಯೋಗದಿಂದ ಹೊರಗೆ, ಅಲ್ವಾ?" ವನಜಾಕ್ಷಮ್ಮ ಕೇಳಿದರು. ಫೋನಿನಲ್ಲಿ ಮಾತಾಡುವವರ ಹಾಗೆ, ಸ್ಪಷ್ಟವಾಗಿ, ಒಂದೊಂದೇ ಪದ ಬಿಡಿಸಿ.

"ಹೌದು. ಸೂಜಿಯ ಔಷಧಿ ಒಳಗೆ ಹೋದ ಮೇಲೆ ಕಾಳು ಎಷ್ಟು ಕೆಲಸ ಮಾಡ್ತು ಅಂತ ಅಳೆಯೋಕಾಗಲ್ಲ. ಕಾಳೂ ತೆಗೆದುಬಿಡ್ತೀವಿ. ಆಮೇಲೆ ಹಿಂದಿನ ಥರಾನೇ."

"ಎಲ್ಲರ ಕೈಗೂ ಇದು ಬರೋದು ಯಾವಾಗ?"

"ಸರ್ಕಾರ ಒಪ್ಪಿ ಬರೋಷ್ಟರಲ್ಲಿ ಬಹಳ ವರ್ಷ ಆಗಬಹುದು."

"ನನಗೀಗ ಎಪ್ಪತ್ತೊಂಬತ್ತು. ಹಾಗಾದ್ರೆ ಸೂಜಿ ಬೇಡ. ಒಂದು ತಿಂಗಳು ಕೊಡಿ ಡಾಕ್ಟ್ರೇ. ತಪ್ಪೇನು ಅಂತ ಗೊತ್ತಾಯ್ತಲ್ಲ, ಇನ್ನು ಕಣ್ಣು ಬಿಟ್ಕೊಂಡೇ ಕೂರ್ತೀನಿ. ರೆಪ್ಪೆಗೆ ಪ್ಲಾಸ್ಟರ್ ಹಾಕ್ಕೊಂಡಾದ್ರೂ ಕೂರ್ತೀನಿ."

ಫಿಲೋಮಿನಾ ಕುಮುದಾಳ ಕಡೆ ತಿರುಗಿದರು. "ಬೇಡ ಅನ್ನೋ ಹಕ್ಕು ಅವರಿಗಿದೆ. ಒಂದು ತಿಂಗಳಲ್ಲಿ ಗೆರೆ ಇಳೀಲೂಬಹುದು. ನಾಳ ಒಡೆದು ರಕ್ತ ಸುರೀಲೂಬಹುದು. ಸುರಿದ್ರೆ ಈ ಕಣ್ಣೂ ಎಡಗಣ್ಣಿನ ಹಾಗೇ. ನೀನು ಮಾತಾಡು. ನಿನ್ನ ಮಾತು ಕೇಳ್ತಾರೆ" ಎಂದು ಹೇಳಿ, ಪಕ್ಕದ ಕೋಣೆಗೆ ಹೋದರು.

ಕುಮುದಾ ಅತ್ತೆಯ ಪಕ್ಕ ಬೆಂಚಿನ ಮೇಲೆ ಕೂತಳು. ಒಂದು ತಿಂಗಳು. ಅಷ್ಟರಲ್ಲಿ ದೀಪದ ರೂಪ ಬದಲಿಸಬಹುದು, ತಾನೇ ಪಕ್ಕದಲ್ಲಿ ಕೂತು ಕಾಯಬಹುದು. ಗೆರೆ ಇಳಿಯಲೂಬಹುದು. ಹನ್ನೊಂದು ವರ್ಷದ ಕೆಲಸ ಅವಳ ಕಿವಿಯ ಹತ್ತಿರ ಬಾಗಿ, ಇಳಿಯಬಹುದು, ಇಳಿಯಬಹುದು ಎನ್ನುತ್ತಿತ್ತು. ಇದೇ ಪಣವನ್ನು ಬೇರೆ ಯಾರದಾದರೂ ಅತ್ತೆಯ ಕಣ್ಣಿನ ಮೇಲೆ ಕಟ್ಟುತ್ತಿದ್ದೆನೇ ಎಂದು ತನ್ನನ್ನೇ ಕೇಳಿಕೊಂಡಳು. ಉತ್ತರಕ್ಕೆ ಬಹಳ ಹೊತ್ತು ಬೇಕಾಗಲಿಲ್ಲ.

"ಅತ್ತೆ, ಹಾಕಿಸ್ಕೊಂಡುಬಿಡಿ."

"ನೀನು ಮಾತು ಕೊಟ್ಟಿದ್ದೆ."

"ಕೊಟ್ಟಿದ್ದೆ. ಆ ಮಾತು ಹೋಗ್ಲಿ ಬಿಡಿ. ಕಣ್ಣು ಉಳೀಲಿ."

"ನಿನ್ನ ಮರ್ಯಾದೆ ಏನಾಗ್ಬೇಕು? ಮನೆಯವರಿಗೇ ದೀಪ ಕೈಕೊಡ್ತು ಅಂತ ನಾಳೆ ಜನ ಆಡ್ಕೊಳಲ್ವಾ?"

"ಆಡ್ಕೊಳ್ಲಿ."

ವನಜಾಕ್ಷಮ್ಮ ಕೈಚೀಲದ ಜಿಪ್ಪನ್ನು ಎಳೆದರು, ಮುಚ್ಚಿದರು, ಮತ್ತೆ ಎಳೆದರು. ಆಮೇಲೆ ಬೇರೆಯೇ ದನಿಯಲ್ಲಿ, ಇಂಚರಳಷ್ಟು ಸಣ್ಣ ದನಿಯಲ್ಲಿ ಹೇಳಿದರು. "ನಿನ್ನ ಮಾತೂ ಅಲ್ಲ, ಮರ್ಯಾದೆಯೂ ಅಲ್ಲ ಕಣೇ. ನನಗೆ ಹೆದರಿಕೆ. ಮುಂಚೆ ಹೇಗೋ ಅಭ್ಯಾಸ ಆಗಿತ್ತು, ಹಲ್ಲು ಕಚ್ಚಿಕೊಂಡು ಮಲಗ್ತಿದ್ದೆ. ಈ ಎಂಟು ತಿಂಗಳಲ್ಲಿ ಅಭ್ಯಾಸ ತಪ್ಪಿಹೋಯ್ತು. ಇನ್ನೊಂದು ಸಲ ಆ ಟೇಬಲ್ ಮೇಲೆ ಮಲಗೋಕೆ ನನ್ನ ಕೈಲಾಗಲ್ಲ."

ಕುಮುದಾ ಅವರ ಕೈಯಿಂದ ಚೀಲವನ್ನು ಮೆಲ್ಲಗೆ ಬಿಡಿಸಿ, ಕೈಯನ್ನು ತನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡಳು. "ನಾನೂ ಒಳಗೆ ಬರ್ತೀನಿ."

"ಬಿಡಲ್ಲ ಅವರು."

"ಬಿಡ್ತಾರೆ. ಇಲ್ಲಾಂದ್ರೆ ಇಲ್ಲೇ ಕೂತು ರಂಪ ಮಾಡ್ತೀನಿ. ಡಾಕ್ಟರೇಟ್ ತಗೊಂಡೋಳು ರಂಪ ಮಾಡಿದ್ರೆ ಹೇಗಿರತ್ತೆ ಅಂತ ಇಡೀ ಆಸ್ಪತ್ರೆ ನೋಡ್ಲಿ."

ಅತ್ತೆಯ ತುಟಿಯ ಒಂದು ತುದಿ ಮೇಲಕ್ಕೆ ಹೋಯಿತು. ಅದನ್ನೇ ಒಪ್ಪಿಗೆಯೆಂದು ಹಿಡಿದು ಕುಮುದಾ ಎದ್ದಳು.

ಫಿಲೋಮಿನಾ ಅವಳಿಗೆ ಗೌನು, ಟೋಪಿ ಕೊಡಿಸಿ ಒಳಗೆ ಬಿಟ್ಟರು. ಟೇಬಲ್ಲಿನ ಎಡಗಡೆ ನಿಲ್ಲಿಸಿದರು. ಡ್ರಾಪ್ಸ್ ಹಾಕಿ, ಕಂದು ಬಣ್ಣದ ಔಷಧಿಯಿಂದ ತೊಳೆದು, ಕ್ಲಿಪ್ ಹಾಕಿ, "ಈಗ ಎಡಕ್ಕೆ ನೋಡಿ ಅಮ್ಮ, ಅಲ್ಲಾಡಬೇಡಿ" ಎಂದರು.

ಎಡಕ್ಕೆ ಕುಮುದಾಳ ಮುಖವಿತ್ತು. ಅತ್ತೆಯ ಕಣ್ಣು ಅದನ್ನು ಹುಡುಕಿ ಹಿಡಿಯಿತು.

"ಏನು ಕಾಣತ್ತೆ ಅತ್ತೆ?"

"ಟೋಪಿ ಕಾಣತ್ತೆ. ಒಂದು ಕಿವಿ. ಓಲೆ ಹಾಕ್ಕೊಳದೆ ಬಂದಿದೀಯ."

"ಆತುರದಲ್ಲಿ ಮರೆತೆ."

"ಬೋಳು ಕಿವೀಲಿ ಆಫೀಸಿಗೂ ಹೀಗೇ ಹೋಗ್ತೀಯಾ? ಆ ಪಚ್ಚೆದು ಎಲ್ಲಿ?"

"ಬೀರುವಲ್ಲಿದೆ."

"ನಾಳೆ ಅದನ್ನ..."

"ಆಯ್ತು ಅಮ್ಮ" ಎಂದರು ಫಿಲೋಮಿನಾ.

"ಏನಾಯ್ತು?"

"ಇಂಜೆಕ್ಷನ್ ಆಯ್ತು. ಕಣ್ಣು ಒಂದು ಚೂರೂ ಅಲ್ಲಾಡಲಿಲ್ಲ. ಇಷ್ಟು ವರ್ಷದಲ್ಲಿ ನೀವು ಇಷ್ಟು ಚೆನ್ನಾಗಿ ನೋಡಿದ್ದು ಇದೇ ಮೊದಲು."

* * *

ಅಶ್ಫಾಕ್ ಫೋನು ಮಾಡಿ ತಿಳಿದುಕೊಂಡದ್ದು ಹೀಗಿತ್ತು. ಏರದ ಆ ಮೂರು ಗೆರೆಗಳಲ್ಲಿ ಒಂದು, ದೀಪವನ್ನು ಟೀವಿಯ ಪಕ್ಕದಲ್ಲಿಟ್ಟು ಧಾರಾವಾಹಿ ನೋಡುತ್ತಿದ್ದ ಅಜ್ಜಿಯದು. ಇನ್ನೊಂದು, ಬೆಳಿಗ್ಗೆ ಪುರಸೊತ್ತಿಲ್ಲವೆಂದು ಸಂಜೆ ದೀಪದ ಬೆಳಕಿನಲ್ಲಿ ಕನ್ನಡಿ ಹಿಡಿದು ಗಡ್ಡ ಹೆರೆದುಕೊಳ್ಳುತ್ತಿದ್ದ ನಿವೃತ್ತ ಗುಮಾಸ್ತರದು. ಮೂರನೆಯದು, ದೀಪದ ಆಚೆ ಮೊಮ್ಮಗನನ್ನು ಕೂರಿಸಿ ತುತ್ತು ತಿನ್ನಿಸುತ್ತಿದ್ದವರದು. ಉಳಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ನೋಡಿ, ಕೈಮುಗಿದು, ಕಣ್ಣು ಮುಚ್ಚಿದವರೇ. ಒಬ್ಬರು ಮಾತ್ರ ನಿದ್ದೆ ಹೋಗುತ್ತಿದ್ದರು.

"ನನ್ನ ಕಾಳಲ್ಲಿ ಏನೂ ತೊಂದ್ರೆ ಇರಲಿಲ್ಲ" ಎಂದು ಅಶ್ಫಾಕ್ ಹೇಳಿದ. ಆಮೇಲೆ, "ಅತ್ತೆ ಹೇಗಿದ್ದಾರೆ?" ಎಂದ.

ಕುಮುದಾ ದೀಪವನ್ನು ಕೈಬಿಟ್ಟಳು. ಕಂಬ ಹೋಯಿತು, ಬತ್ತಿ ಹೋಯಿತು, ಗಂಟೆ ಹೋಯಿತು. ಅವುಗಳ ಜಾಗದಲ್ಲಿ ಊಟದ ತಟ್ಟೆಯಷ್ಟು ಅಗಲದ ಒಂದು ಬಳೆಯನ್ನು ಮಾಡಿ, ಸಣ್ಣ ಕಾಲಿನ ಮೇಲೆ ನಿಲ್ಲಿಸಿದಳು. ಬೆಳಕು ಬಳೆಯ ಅಂಚಿನಲ್ಲಿ ಮಾತ್ರ, ನಡುವೆ ಖಾಲಿ. ಆ ಖಾಲಿಯಲ್ಲಿ ಟೀವಿ ಇಟ್ಟುಕೊಳ್ಳಲಿ, ಕನ್ನಡಿ ಇಟ್ಟುಕೊಳ್ಳಲಿ, ಬೀದಿ ನೋಡಲಿ, ಎದುರಿಗೆ ಯಾರನ್ನಾದರೂ ಕೂರಿಸಿಕೊಂಡು ಜಗಳವಾಡಲಿ, ಅದು ಅವರವರಿಗೆ ಬಿಟ್ಟದ್ದು. ಕಾಣಬೇಕಾದದ್ದು ಬಳೆಯ ಆಚೆ ಇದ್ದರೆ ಕಣ್ಣು ತಾನಾಗಿಯೇ ತೆರೆದಿರುತ್ತದೆ. ಸಮಿತಿ ಪ್ರಯೋಗವನ್ನು ಮುಚ್ಚಲಿಲ್ಲ. ಹೊರಗೆ ಹೋದವರು ಮೂವರು, ಒಳಗೆ ಉಳಿದವರು ಇಪ್ಪತ್ತೊಂದು ಜನ. ಬಳೆ ಮನೆಗಳಿಗೆ ಹೋದ ಮೂರನೇ ತಿಂಗಳ ಹೊತ್ತಿಗೆ ಪರದೆಯ ಮೇಲಿನ ಗೆರೆಗಳು ಒಂದೊಂದಾಗಿ ತಲೆ ತಗ್ಗಿಸಿದವು.

ವನಜಾಕ್ಷಮ್ಮನವರ ಕಣ್ಣೊಳಗೆ ಈಗ ಕಾಳಿಲ್ಲ. ಆದರೂ ಹೊಸ ಬಳೆ ಸಿದ್ಧವಾದಾಗಲೆಲ್ಲ ಮೊದಲು ಅದರ ಮುಂದೆ ಕೂರುವವರು ಅವರೇ. ಕಣ್ಣಿಗೆ ಚುಚ್ಚುತ್ತದೆಯೇ, ಎತ್ತರ ಸರಿಯಿದೆಯೇ, ಕಾಲು ಅಲ್ಲಾಡುತ್ತದೆಯೇ ಎಂದು ಅವರು ಹೇಳಬೇಕು. ಬಳೆಯ ಆಚೆ ಕುಮುದಾ ಕೂರಬೇಕು. ಅದಕ್ಕಾಗಿ ಅವಳು ವಾರದಲ್ಲಿ ಕೆಲವು ದಿನವಾದರೂ ಮುಸ್ಸಂಜೆಯೊಳಗೆ ಮನೆ ಸೇರುತ್ತಾಳೆ. ಇಬ್ಬರೂ ಕಾಫಿ ಲೋಟ ಹಿಡಿದು ಎದುರುಬದುರು ಕೂರುತ್ತಾರೆ. ಇಂಚರ ನಡುವೆ ತಲೆ ತೂರಿಸಿ ಬೈಸಿಕೊಳ್ಳುತ್ತ ಇರುತ್ತಾಳೆ.

"ಸೊರಗಿದೀಯ" ಎಂದರು ವನಜಾಕ್ಷಮ್ಮ ಒಂದು ಸಂಜೆ.

"ಮುಖ ಕಾಣ್ತಿದೆಯಾ ಅತ್ತೆ?"

"ನಡು ಇನ್ನೂ ಮಬ್ಬು ಮಬ್ಬೇ. ಆದ್ರೆ ಕೆನ್ನೆ ಕಾಣತ್ತೆ. ಸೊರಗಿದೀಯ. ನಾಳೆ ಸೂಜಿಗೆ ನೀನು ಬರ್ಬೇಡ, ಶ್ರೀಕಂಠ ಬರ್ಲಿ. ನೀನು ಒಂದು ದಿನ ಮಲಗು."

"ಎಡಗಡೆ ಯಾರು ನಿಲ್ತಾರೆ ಮತ್ತೆ?"

"ಅದೂ ಹೌದು. ಅವನು ನಿಂತ್ರೆ ಅವನೇ ತಲೆ ತಿರುಗಿ ಬೀಳ್ತಾನೆ."

ಮಾರನೆಯ ದಿನ ಇಬ್ಬರೂ ಆಟೋ ಹಿಡಿದು ಹೋಗಿ, ಬೆಂಚಿನ ಮೇಲೆ ಅರ್ಧ ದಿನ ಕಾದು, ಚುಚ್ಚಿಸಿಕೊಂಡು ಬಂದರು. ಎರಡು ತಿಂಗಳಾದ ಮೇಲೆ ಮತ್ತೆ ಹೋದರು. ಇಪ್ಪತ್ತೊಂದು ಜನಕ್ಕೆ ಸೂಜಿ ನಿಂತಿತು. ವನಜಾಕ್ಷಮ್ಮನವರಿಗೆ ನಿಲ್ಲಲಿಲ್ಲ. ಕುಮುದಾ ಅತ್ತೆಗೆ ಕೊಟ್ಟ ಮಾತು ಮುರಿದುಹೋಯಿತು.